ಸೊಸೈಟಿಯ ಬೀಗದ ಕೈ ಯಾರ ಬಳಿ ಇದೆ?



ನಿಮ್ಮ ಊರಿನ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಹಿಂದೆ ಒಂದು ಕಬ್ಬಿಣದ ಬೀರು ಇರುತ್ತಿತ್ತು. ಸಾಲದ ಲೆಡ್ಜರು, ಷೇರು ರಿಜಿಸ್ಟರು, ರಸೀತಿ ಪುಸ್ತಕ, ನಗದು ಪೆಟ್ಟಿಗೆ ಎಲ್ಲವೂ ಅದರೊಳಗೆ. ಆ ಬೀರುವಿನ ಬೀಗದ ಕೈ ಯಾರ ಸೊಂಟದಲ್ಲಿದೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಲೆಡ್ಜರಿನಲ್ಲಿ ಯಾರಾದರೂ ಒಂದು ಅಂಕಿ ತಿದ್ದಿದರೆ ಶಾಯಿಯ ಬಣ್ಣವೇ ಸಾಕ್ಷಿ ಹೇಳುತ್ತಿತ್ತು.

ಈಗ ಆ ಲೆಡ್ಜರು ಕಂಪ್ಯೂಟರಿಗೆ ಹೋಗಿದೆ, ಇಲ್ಲವೇ ಹೋಗುತ್ತಿದೆ. ದೇಶದ 63,000 ಪ್ರಾಥಮಿಕ ಸಂಘಗಳನ್ನು ಗಣಕೀಕರಿಸುವ 2,516 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸರಕಾರ 2022ರ ಜೂನ್ ತಿಂಗಳಲ್ಲಿ ಒಪ್ಪಿಗೆ ಕೊಟ್ಟಿತು. ಇದು ಒಳ್ಳೆಯ ಕೆಲಸವೇ. ಲೆಕ್ಕ ಬೇಗ ಸಿಗುತ್ತದೆ, ಸಾಲ ಬೇಗ ಮಂಜೂರಾಗುತ್ತದೆ. ಆದರೆ ಹೊಸ ಬೀರುವಿನ ಬೀಗದ ಕೈ ಯಾರ ಬಳಿ ಇದೆ ಎಂದು ನಿಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಅದರ ಲೆಡ್ಜರಿನಲ್ಲಿ ಅಂಕಿ ತಿದ್ದಿದರೆ ಯಾವ ಶಾಯಿ ಸಾಕ್ಷಿ ಹೇಳುತ್ತದೆ?

ಇದನ್ನು ಕೇಳಲು ಬರಬೇಕಾದರೆ ಸ್ವಲ್ಪ ಓದಬೇಕು. ಕಂಪ್ಯೂಟರ್ ಮತ್ತು ಜಾಲದ ಭದ್ರತೆ ಎಂಬ ವಿದ್ಯೆಯ ಮೊದಲ ಪಾಠಗಳು ಇಂಜಿನಿಯರಿಂಗ್ ಕಾಲೇಜಿನ ಸೊತ್ತಾಗಿ ಉಳಿಯಬಾರದು, ಹಳ್ಳಿಯ ವಾಚನಾಲಯಕ್ಕೆ ಬರಬೇಕು ಎಂಬುದು ಈ ಲೇಖನದ ವಾದ. ನಾವೆಲ್ಲ ಇಂಜಿನಿಯರುಗಳಾಗಬೇಕಿಲ್ಲ. ಆದರೆ ಸರ್ವ ಸದಸ್ಯರ ಸಭೆಯಲ್ಲಿ ಎದ್ದು ನಿಂತು ಸರಿಯಾದ ಪ್ರಶ್ನೆ ಕೇಳುವಷ್ಟು ತಿಳಿವಳಿಕೆ ಬೇಕೇ ಬೇಕು.

ಸುಗ್ಗಿ ನೋಡಿ ಬರುವ ಕಳ್ಳ

"ನಮ್ಮಂಥ ಬಡ ರೈತರ ಸಂಘಕ್ಕೆ ಯಾವ ಕಳ್ಳ ಬರುತ್ತಾನೆ?" ಎಂದು ಕೆಲವರು ಕೇಳಬಹುದು. ಅಮೆರಿಕದ ಅಯೋವಾ ರಾಜ್ಯದ ಫೋರ್ಟ್ ಡಾಡ್ಜ್ ಪಟ್ಟಣದಲ್ಲಿ 'ನ್ಯೂ ಕೋಆಪರೇಟಿವ್' ಎಂಬ ರೈತರ ಸಹಕಾರ ಸಂಘವಿದೆ. ರೈತರ ಕಾಳು ಕೊಳ್ಳುವುದು, ದನ ಕೋಳಿಗಳಿಗೆ ಮೇವು ಸರಬರಾಜು ಮಾಡುವುದು ಅದರ ಕೆಲಸ. 2021ರ ಸೆಪ್ಟೆಂಬರ್‌ನಲ್ಲಿ, ಮುಸುಕಿನ ಜೋಳದ ಕೊಯ್ಲು ಶುರುವಾಗುವ ಹೊತ್ತಿಗೆ, ಕಳ್ಳರ ಒಂದು ತಂಡ ಜಾಲದ ಮೂಲಕ ಅದರ ಕಂಪ್ಯೂಟರುಗಳೊಳಗೆ ನುಗ್ಗಿ ಕಡತಗಳಿಗೆಲ್ಲ ಗುಪ್ತ ಬೀಗ ಜಡಿಯಿತು. ಬೀಗ ತೆಗೆಯಲು 59 ಲಕ್ಷ ಡಾಲರ್ ಕೊಡಿ ಎಂದು ಕೇಳಿತು. ಸಂಘ ತನ್ನ ಯಂತ್ರಗಳನ್ನೆಲ್ಲ ಜಾಲದಿಂದ ಬಿಡಿಸಿ, ಕಾಳು ಇಳಿಸಿಕೊಳ್ಳಲು ಮತ್ತು ಮೇವು ಕಳಿಸಲು ಬದಲಿ ದಾರಿಗಳನ್ನು ಮಾಡಿಕೊಳ್ಳಬೇಕಾಯಿತು.

ಬಳಿಕ ಒಂದು ಭದ್ರತಾ ಸಂಸ್ಥೆ ಹಿಂದೆಂದೋ ಸೋರಿಹೋಗಿದ್ದ ಪಾಸ್‌ವರ್ಡುಗಳ ಪಟ್ಟಿಯನ್ನು ತೆಗೆದು ನೋಡಿತು. ಆ ಸಂಘದ ನೌಕರರ ಹೆಸರಿನಲ್ಲಿ ಮತ್ತೆ ಮತ್ತೆ ಕಂಡ ಪಾಸ್‌ವರ್ಡ್ 'ಚಿಕನ್' ಎಂಬ ಪದ, ಅದರ ಮುಂದೆ 1 ಎಂಬ ಅಂಕಿ! ಕಳ್ಳರು ಇದೇ ಬಾಗಿಲಿನಿಂದ ಬಂದರು ಎಂದು ಇದರಿಂದ ಹೇಳಲಾಗದು. ಆದರೆ ಕೋಳಿ ಮೇವು ಮಾರುವ ಸಂಘದ ಪಾಸ್‌ವರ್ಡ್ ಕೋಳಿಯೇ ಆದರೆ ಊಹಿಸಲು ಎಷ್ಟು ಹೊತ್ತು ಬೇಕು?

2022ರ ಏಪ್ರಿಲ್‌ನಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ರೈತ ಸಂಘಗಳಿಗೆ ಒಂದು ಎಚ್ಚರಿಕೆ ಹೊರಡಿಸಿತು. ಹಿಂದಿನ ಸುಗ್ಗಿಯಲ್ಲಿ ಆರು ಧಾನ್ಯ ಸಂಘಗಳ ಮೇಲೆ ದಾಳಿ ನಡೆದಿತ್ತು. ಕಳ್ಳರು ಬಿತ್ತನೆ ಮತ್ತು ಕೊಯ್ಲಿನ ಕಾಲವನ್ನೇ ಆರಿಸಿಕೊಳ್ಳಬಹುದು ಎಂದು ಆ ಎಚ್ಚರಿಕೆ ಹೇಳಿತು. ಕಾರಣ ಸರಳ. ಆ ಹತ್ತು ದಿನ ಕೆಲಸ ನಿಂತರೆ ರೈತನಿಗೆ ವರ್ಷವೇ ನಷ್ಟ. ಆದ್ದರಿಂದ ಹಣ ಬೇಗ ಬಿಚ್ಚುತ್ತಾನೆ ಎಂಬ ಲೆಕ್ಕ ಅವರದು.

ನಮ್ಮ ದೇಶದ ಸಹಕಾರ ರಂಗವೂ ಈ ಪೆಟ್ಟಿನಿಂದ ಹೊರಗಿಲ್ಲ. ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕಿನಿಂದ 2018ರ ಆಗಸ್ಟ್ ತಿಂಗಳ ಕೆಲವೇ ದಿನಗಳಲ್ಲಿ ಸುಮಾರು 94 ಕೋಟಿ ರೂಪಾಯಿ ಕಳ್ಳರ ಪಾಲಾಯಿತು.

ಪಾಠಕ್ಕೆ ಮೂರು ಕಾಲು

ಈ ವಿದ್ಯೆಯ ಯಾವ ಪುಸ್ತಕ ತೆರೆದರೂ ಮೊದಲ ಅಧ್ಯಾಯದಲ್ಲಿ ಮೂರು ಮಾತು ಇರುತ್ತವೆ. ಗುಟ್ಟು ಉಳಿಯಬೇಕು, ಲೆಕ್ಕ ಕೆಡಬಾರದು, ಬೇಕಾದಾಗ ಸಿಗಬೇಕು. ಮುಕ್ಕಾಲು ಮಣೆಯಂತೆ, ಮೂರರಲ್ಲಿ ಒಂದು ಕಾಲು ಮುರಿದರೂ ಕುಳಿತವನು ಬೀಳುತ್ತಾನೆ. ಮೂರಕ್ಕೂ ಉದಾಹರಣೆ ನಮ್ಮ ಜಮೀನಿನ ಕಾಗದಪತ್ರಗಳಲ್ಲೇ ಇದೆ.

ಮೊದಲನೆಯದು ಗುಟ್ಟು. ಜಮೀನು ನೋಂದಣಿ ಮಾಡಿಸುವಾಗ ನಾವು ಹೆಬ್ಬೆಟ್ಟು ಒತ್ತುತ್ತೇವೆ, ಆಧಾರ್ ಪ್ರತಿ ಕೊಡುತ್ತೇವೆ. 2023ರಲ್ಲಿ ನಮ್ಮ ರಾಜ್ಯದಲ್ಲಿ ಏನಾಯಿತು? ಕಾವೇರಿ ತಂತ್ರಾಂಶದ ಮೂಲಕ ಸಿಗುತ್ತಿದ್ದ ನೋಂದಣಿ ಪತ್ರಗಳಿಂದ ಬೆರಳಚ್ಚು ತೆಗೆದು, ಅದರ ಅಚ್ಚು ಮಾಡಿ, ಆಧಾರ್ ಆಧಾರಿತ ಪಾವತಿಯ ಮೂಲಕ ಜನರ ಖಾತೆಯಿಂದ ಹಣ ತೆಗೆದ ಪ್ರಕರಣಗಳು ಬಯಲಿಗೆ ಬಂದವು. ಪಾಸ್‌ವರ್ಡ್ ಸೋರಿದರೆ ಬದಲಾಯಿಸಬಹುದು, ಬೆರಳು ಬದಲಾಯಿಸಲು ಬರುವುದಿಲ್ಲ. ಆದ್ದರಿಂದ ಆಧಾರ್ ಆ್ಯಪಿನಲ್ಲಿ ಅಥವಾ ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯವಿದೆ, ಬಳಸಿಕೊಳ್ಳಿ. ಬೀಗ ಹಾಕಿದ ಮೇಲೆ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳು ಒತ್ತುವ ಮುನ್ನ ಅದನ್ನು ತಾತ್ಕಾಲಿಕವಾಗಿ ತೆಗೆಯಬೇಕು ಎಂಬುದನ್ನೂ ನೆನಪಿಡಿ.

ಎರಡನೆಯದು ಲೆಕ್ಕ ಕೆಡದಿರುವುದು. ಪಹಣಿಯಲ್ಲಿ ಎರಡು ಎಕರೆ ಇದ್ದದ್ದು ಒಂದು ಎಕರೆಯಾದರೆ, ಗುಟ್ಟು ಉಳಿದು ಏನು ಫಲ? ನಮ್ಮ ರಾಜ್ಯದ ಭೂಮಿ ಯೋಜನೆ ಪಹಣಿಗಳನ್ನು ಕಂಪ್ಯೂಟರಿಗೆ ತಂದಾಗ, ತಿದ್ದುಪಡಿ ಮಾಡುವ ನೌಕರ ಬೆರಳಚ್ಚು ಕೊಟ್ಟೇ ಒಳಹೋಗಬೇಕು ಎಂದು ನಿಯಮ ಮಾಡಿದ್ದು ಇದಕ್ಕೇ. ಯಾರು, ಯಾವಾಗ, ಏನು ತಿದ್ದಿದರು ಎಂಬುದು ಯಂತ್ರದಲ್ಲಿ ದಾಖಲಾಗಬೇಕು. ಹಳೆಯ ಲೆಡ್ಜರಿನ ಶಾಯಿಯ ಬಣ್ಣಕ್ಕೆ ಬದಲಾಗಿ ಬಂದದ್ದು ಈ ದಾಖಲೆಯೇ. ಸಂಘದ ಕಂಪ್ಯೂಟರಿನಲ್ಲಿ ಕಾರ್ಯದರ್ಶಿ, ಗುಮಾಸ್ತ, ರಸಗೊಬ್ಬರ ಮಾರುವ ಹುಡುಗ ಮೂವರೂ ಒಂದೇ ಪಾಸ್‌ವರ್ಡ್ ಹಾಕಿ ಕೂರುವುದಾದರೆ ಆ ದಾಖಲೆಗೆ ಬೆಲೆಯೇ ಇಲ್ಲ. ತಪ್ಪು ಯಾರದೆಂದು ಹೇಳಲು ಆಗದು. ಪ್ರಾಮಾಣಿಕ ಕಾರ್ಯದರ್ಶಿಯ ಮೇಲೂ ಅಪವಾದ ಬರುತ್ತದೆ.

ಮೂರನೆಯದು ಬೇಕಾದಾಗ ಸಿಗುವುದು. 2025ರ ಜನವರಿಯಲ್ಲಿ ಅದೇ ಕಾವೇರಿ ತಂತ್ರಾಂಶದ ಮೇಲೆ ಯಂತ್ರಗಳ ಮೂಲಕ ಸುಳ್ಳು ಬೇಡಿಕೆಗಳ ಮಹಾಪೂರ ಹರಿಸಲಾಯಿತು. ಋಣಭಾರ ಪತ್ರ ಕೇಳಲು ಬಂದ ನಿಜವಾದ ಜನರಿಗೆ ಬಾಗಿಲೇ ಸಿಗಲಿಲ್ಲ, ನೋಂದಣಿ ಕೆಲಸ ಕುಂಟಿತು. ಕಳ್ಳ ಏನನ್ನೂ ಕದಿಯದೆ, ಸಂತೆಯ ಬಾಗಿಲಿಗೆ ಸಾವಿರ ಖಾಲಿ ಗಾಡಿಗಳನ್ನು ತಂದು ನಿಲ್ಲಿಸಿದಂತೆ ಇದು. ಕಾಳು ತಂದವನು ಹೊರಗೇ ಉಳಿಯುತ್ತಾನೆ.

ಜಾಲವೆಂದರೆ ಕಾಲುವೆ

ಜಾಲ ಎಂದರೇನು ಎಂಬುದು ನೀರಾವರಿ ಬಲ್ಲವರಿಗೆ ಬೇಗ ತಿಳಿಯುತ್ತದೆ. ಕೆರೆಯ ತೂಬು ಎತ್ತಿದ ನೀರು ನಿಮ್ಮ ಗದ್ದೆ ಸೇರುವ ಮುನ್ನ ಹತ್ತು ಜನರ ಬದು ದಾಟಿ ಬರುತ್ತದೆ. ನೀವು ಮೊಬೈಲಿನಲ್ಲಿ ಕಳಿಸಿದ ಮಾತೂ ಹಾಗೆಯೇ. ಸಣ್ಣ ಸಣ್ಣ ತುಣುಕುಗಳಾಗಿ ಅನೇಕರ ಯಂತ್ರಗಳನ್ನು ದಾಟಿ ಹೋಗುತ್ತದೆ. ದಾರಿಯಲ್ಲಿ ಇಣುಕುವವರಿಗೆ ಓದಲು ಬಾರದಂತೆ ಅದನ್ನು ಗೂಢಲಿಪಿಗೆ ತಿರುಗಿಸಿ ಕಳಿಸುತ್ತಾರೆ. ಜಾಲತಾಣದ ವಿಳಾಸದ ಆರಂಭದಲ್ಲಿ 'ಎಚ್‌ಟಿಟಿಪಿಎಸ್' ಎಂದು ಇದ್ದರೆ ಹೀಗೆ ಗೂಢಲಿಪಿ ಬಳಸುತ್ತಿದೆ ಎಂದರ್ಥ. ಆದರೆ ಇದು ಕಾಯುವುದು ದಾರಿಯನ್ನು ಮಾತ್ರ. ಆ ತುದಿಯಲ್ಲಿ ಕುಳಿತವನು ಸಜ್ಜನ ಎಂದು ಅದು ಹೇಳುವುದಿಲ್ಲ. ಮೋಸಗಾರನೂ ತನ್ನ ತಾಣಕ್ಕೆ ಅದೇ ಗುರುತು ಹಾಕಿಕೊಳ್ಳಬಲ್ಲ. ಆದ್ದರಿಂದ ವಿಳಾಸದ ಅಕ್ಷರಗಳನ್ನು ಒಂದೊಂದಾಗಿ ಓದುವ ಅಭ್ಯಾಸ ಬೇಕು.

ಕಾಲುವೆಯಲ್ಲಿ ನೀರಿನೊಡನೆ ಕಳೆಯ ಬೀಜವೂ ಬರುವಂತೆ ಜಾಲದಲ್ಲಿ ಕೇಡೂ ಹರಿಯುತ್ತದೆ. ಅದಕ್ಕೆ ಬಳಸದ ತೂಬನ್ನು ಮುಚ್ಚಿಡಬೇಕು. 'ಫೈರ್‌ವಾಲ್' ಎಂಬುದರ ಕೆಲಸ ಇದೇ. ಕೇಡು ಬಂದರೆ, ಕಾಲುಬಾಯಿ ಜ್ವರದ ದನವನ್ನು ಬೇರೆ ಕಟ್ಟುವಂತೆ, ಆ ಯಂತ್ರವನ್ನು ಜಾಲದಿಂದ ಬಿಡಿಸಬೇಕು. 2024ರ ಜುಲೈ ಕೊನೆಯಲ್ಲಿ, ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಸಿ-ಎಡ್ಜ್ ಸಂಸ್ಥೆಯ ಮೇಲೆ ದಾಳಿಯಾದಾಗ ರಾಷ್ಟ್ರೀಯ ಪಾವತಿ ನಿಗಮ ಮಾಡಿದ್ದು ಇದನ್ನೇ. ಆ ಸಂಸ್ಥೆಯನ್ನು ತನ್ನ ಜಾಲದಿಂದ ತಾತ್ಕಾಲಿಕವಾಗಿ ಬೇರ್ಪಡಿಸಿತು. ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ನಿಂತು, ಪರಿಶೀಲನೆಯ ನಂತರ ಮತ್ತೆ ಶುರುವಾಯಿತು. ಒಂದು ತೂಬು ಕೆಟ್ಟರೆ ಎಷ್ಟು ಅಚ್ಚುಕಟ್ಟು ಒಣಗುತ್ತದೆ ನೋಡಿ!

ಬೀಗ, ಬೇಲಿ, ಬೀಜ

ಮೊದಲು ಬೀಗ. ನಾಲ್ಕಂಕಿಯ ಪಿನ್ನಿಗೆ ಹತ್ತು ಸಾವಿರ ಸಾಧ್ಯತೆಗಳಿವೆ. ನೀವು ಹುಟ್ಟಿದ ಇಸವಿಯನ್ನೇ ಇಟ್ಟರೆ ಅದು ನೂರಕ್ಕೆ ಇಳಿಯಿತು. ನಿಮ್ಮ ವಯಸ್ಸು ಬಲ್ಲವನಿಗೆ ಎರಡು ಮೂರು ಪ್ರಯತ್ನ ಸಾಕು. ಇದು ಹೊಸ ಪಾಠವೇನಲ್ಲ. 1988ರ ನವೆಂಬರ್ 2ರಂದು ಅಮೆರಿಕದಲ್ಲಿ ಒಬ್ಬ ವಿದ್ಯಾರ್ಥಿ ಬಿಟ್ಟ 'ಹುಳು' ಪ್ರೋಗ್ರಾಂ ಅಂದಿನ ಜಾಲದ ಸಾವಿರಾರು ಕಂಪ್ಯೂಟರುಗಳನ್ನು ಕೂರಿಸಿಬಿಟ್ಟಿತು. ಅದು ಬಳಸಿದ ಉಪಾಯಗಳಲ್ಲಿ ಒಂದು, ಜನರ ಹೆಸರುಗಳನ್ನೂ ಸಾಮಾನ್ಯ ಪದಗಳನ್ನೂ ಪಾಸ್‌ವರ್ಡ್ ಆಗಿ ಒಂದೊಂದಾಗಿ ಹಾಕಿ ನೋಡುವುದು. ಆದ್ದರಿಂದ ಪಾಸ್‌ವರ್ಡ್ ಉದ್ದವಾಗಿರಲಿ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದ ಸೇರಿಸಿ: ಹುಣಸೆ, ಗಾಲಿ, ಕಂಬಳಿ, ಸೋಮವಾರ ಎಂಬಂತೆ. ಇಲ್ಲಿ ಅಚ್ಚಾದದ್ದನ್ನೇ ಇಡಬೇಡಿ! ಒಂದೊಂದು ಕಡೆಗೆ ಒಂದೊಂದು ಬೇರೆ ಇರಲಿ. ಪಾಸ್‌ವರ್ಡಿನ ಜೊತೆಗೆ ಮೊಬೈಲಿಗೆ ಬರುವ ಎರಡನೆಯ ಪರೀಕ್ಷೆಯೂ ಇದ್ದರೆ ಎರಡು ಬೀಗ ಹಾಕಿದಂತೆ.

ಎರಡನೆಯದು ಬೇಲಿಯ ಕಂಡಿ ಮುಚ್ಚುವುದು. ಕಂಪ್ಯೂಟರ್, ಮೊಬೈಲುಗಳಲ್ಲಿ ಆಗಾಗ 'ಅಪ್‌ಡೇಟ್ ಮಾಡಿ' ಎಂದು ಬರುತ್ತದೆಯಲ್ಲ, ಅದನ್ನು ಮುಂದೂಡಬೇಡಿ. 2017ರ ಮೇ 12ರಂದು 'ವಾನಾಕ್ರೈ' ಎಂಬ ಪಿಡುಗು ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಬೀಗ ಜಡಿಯಿತು. ನಮ್ಮ ಪಕ್ಕದ ವಯನಾಡಿನ ಒಂದು ಗ್ರಾಮ ಪಂಚಾಯತಿ ಕಚೇರಿಯ ಕಂಪ್ಯೂಟರುಗಳೂ ಅದಕ್ಕೆ ಸಿಕ್ಕಿದವು. ಆ ಕಂಡಿಯನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಮಾರ್ಚ್ ತಿಂಗಳಲ್ಲೇ ಕೊಟ್ಟಿತ್ತು. ಎರಡು ತಿಂಗಳು ಹಾಕದೆ ಕುಳಿತವರು ಕೆಟ್ಟರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂಬ ಗಾದೆ ಸುಮ್ಮನೆ ಹುಟ್ಟಲಿಲ್ಲ.

ಮೂರನೆಯದು ಬೀಜ. ತಿನ್ನುವ ಕಾಳು ಎಷ್ಟೇ ಇರಲಿ, ಬಿತ್ತನೆಯ ಬೀಜವನ್ನು ನಮ್ಮ ಹಿರಿಯರು ಬೇರೆ ಮಡಕೆಯಲ್ಲಿ, ಬೇರೆ ಜಾಗದಲ್ಲಿ ಕಟ್ಟಿಡುತ್ತಿದ್ದರು. ಲೆಕ್ಕಪತ್ರಕ್ಕೂ ಅದೇ ನೀತಿ. ಮೂರು ಪ್ರತಿ, ಎರಡು ಬಗೆಯ ಸಾಧನ, ಅದರಲ್ಲಿ ಒಂದು ಬೇರೆ ಸ್ಥಳದಲ್ಲಿ ಎಂಬುದು ಈ ವಿದ್ಯೆಯವರ ಸೂತ್ರ. ಒಂದು ಪ್ರತಿಯಾದರೂ ಜಾಲದ ತಂತಿಗೆ ಸೇರಿರಬಾರದು. ಸೇರಿದ್ದರೆ ಕಳ್ಳ ಅದಕ್ಕೂ ಬೀಗ ಹಾಕುತ್ತಾನೆ. ಬೀಜ ಮೊಳೆಯುತ್ತದೆಯೇ ಎಂದು ಬಿತ್ತುವ ಮುನ್ನ ಒದ್ದೆ ಗೋಣಿಯಲ್ಲಿಟ್ಟು ನೋಡುವಂತೆ, ಪ್ರತಿಯಿಂದ ಲೆಕ್ಕ ಮರಳಿ ಬರುತ್ತದೆಯೇ ಎಂದು ಆಗಾಗ ಪರೀಕ್ಷೆ ಮಾಡಬೇಕು. ಹೀಗೆ ಪ್ರತಿ ಇಟ್ಟುಕೊಂಡ ಸಂಘ ತನ್ನ ಲೆಕ್ಕ ಮರಳಿ ಪಡೆಯಲು ಕಳ್ಳನ ಕೈ ಕಾಯಬೇಕಾಗಿಲ್ಲ.

ಬೇಲಿ ದಾಟದವನು ಬಾಗಿಲು ತಟ್ಟುತ್ತಾನೆ

ಯಂತ್ರದ ಕಂಡಿ ಎಲ್ಲ ಮುಚ್ಚಿದರೂ ಮನುಷ್ಯನ ಆಸೆ ಮತ್ತು ಅಂಜಿಕೆ ಎಂಬ ಎರಡು ಕಂಡಿ ಉಳಿಯುತ್ತವೆ. ಪಿ.ಎಂ. ಕಿಸಾನ್ ಹೆಸರಿನಲ್ಲಿ ವಾಟ್ಸಾಪಿಗೆ 'ಎಪಿಕೆ' ಎಂದು ಕೊನೆಯಾಗುವ ಕಡತ ಬರುತ್ತದೆ. ಒತ್ತಿದರೆ ನಕಲಿ ಆ್ಯಪು ಮೊಬೈಲಿನಲ್ಲಿ ಕುಳಿತು, ಬ್ಯಾಂಕಿನಿಂದ ಬರುವ ಒಟಿಪಿಯನ್ನು ನಿಮಗಿಂತ ಮೊದಲು ಓದುತ್ತದೆ. ಸರಕಾರದ ಕಂತು ಕಡತ ಒತ್ತಿದವರಿಗೆ ಬರುವುದಲ್ಲ, ಅರ್ಹರ ಖಾತೆಗೆ ತಾನಾಗಿ ಬರುವಂಥದು. ಅಂಗಡಿಯಲ್ಲಾಗಲಿ ಫೋನಿನಲ್ಲಾಗಲಿ ಒಂದು ಮಾತು ಗಟ್ಟಿಯಾಗಿ ಹಿಡಿಯಿರಿ: ಹಣ ಪಡೆಯಲು ಯುಪಿಐ ಪಿನ್ ಬೇಡ. "ನಿಮಗೆ ಹಣ ಹಾಕುತ್ತೇನೆ, ಪಿನ್ ಒತ್ತಿ" ಎಂದವನು ಕಳ್ಳನೇ. ಹಾಗೆಯೇ, ಕಮಿಷನ್ ಕೊಡುತ್ತೇನೆ ಎಂದು ನಿಮ್ಮ ಬ್ಯಾಂಕ್ ಖಾತೆಯನ್ನು ಬಾಡಿಗೆಗೆ ಕೇಳುವವರಿಗೆ ಮಕ್ಕಳು ಬಲಿಯಾಗದಂತೆ ನೋಡಿಕೊಳ್ಳಿ. ಕದ್ದ ಹಣ ಆ ಖಾತೆಯ ಮೂಲಕ ಹಾದರೆ ಪೊಲೀಸರು ಬರುವುದು ನಿಮ್ಮ ಮನೆಗೆ.

ಹಣ ಹೋಯಿತೆಂದು ತಿಳಿದ ಕ್ಷಣವೇ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ನಾಚಿಕೆಯಿಂದ ಎರಡು ದಿನ ಸುಮ್ಮನಿದ್ದರೆ ಹಣ ನಾಲ್ಕು ಖಾತೆ ದಾಟಿರುತ್ತದೆ. ಗ್ರಾಹಕನದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದೆ ಹೊರಗಿನ ಲೋಪದಿಂದ ಹಣ ಹೋದಾಗ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನಿಗೆ ಹೊಣೆಯಿಲ್ಲ ಎಂದು ರಿಸರ್ವ್ ಬ್ಯಾಂಕ್ 2017ರಲ್ಲಿ ಸುತ್ತೋಲೆ ಹೊರಡಿಸಿತು. ಆದರೆ ಗಮನಿಸಿ, ಆ ಸುತ್ತೋಲೆ ಬ್ಯಾಂಕುಗಳಿಗೆ ಸಂಬಂಧಿಸಿದ್ದು. ಹಳ್ಳಿಯ ಪತ್ತಿನ ಸಂಘ ಬ್ಯಾಂಕಲ್ಲ. ಅಲ್ಲಿ ನಮ್ಮ ಕಾವಲಿಗೆ ನಾವೇ ನಿಲ್ಲಬೇಕು.

ಹೊಣೆ ಯಾರದು?

"ಬೇಲಿ ಕಟ್ಟಬೇಕಾದ್ದು ಸರಕಾರ ಮತ್ತು ಬ್ಯಾಂಕು. ರೈತನಿಗೇಕೆ ಈ ಹೊರೆ?" ಎಂಬ ಆಕ್ಷೇಪಣೆ ಬರುತ್ತದೆ. ಅದು ನ್ಯಾಯವಾದ ಮಾತು. ನೋಂದಣಿ ಪತ್ರದಿಂದ ಬೆರಳಚ್ಚು ಹೋದ ರೈತ ಯಾವ ತಪ್ಪನ್ನೂ ಮಾಡಿರಲಿಲ್ಲ. "ಎಚ್ಚರವಾಗಿರಿ" ಎಂದು ಜನರಿಗೆ ಬೋಧಿಸಿ ಕಚೇರಿಗಳು ಕೈ ತೊಳೆದುಕೊಳ್ಳಬಾರದು. ಆದರೆ ಹೊಣೆ ಹೊತ್ತವರನ್ನು ಹೊಣೆಗೆ ಹಿಡಿಯುವವರು ಯಾರು? ಗೊಬ್ಬರದಲ್ಲಿ ಕಲಬೆರಕೆ ಇದೆ ಎಂದು ಹೇಳಬೇಕಾದರೆ ಗೊಬ್ಬರ ಹೇಗಿರಬೇಕೆಂದು ತಿಳಿದಿರಬೇಕು. ತೂಕದಲ್ಲಿ ಮೋಸವಾದರೆ ಹಿಡಿಯಲು ತಕ್ಕಡಿ ಓದಲು ಬರಬೇಕು. ಇದೂ ಹಾಗೆಯೇ. ಸಂಘದ ಮಾಲೀಕರು ಸದಸ್ಯರು. ಮಾಲೀಕನಿಗೇ ಬೀಗದ ಕೈಯ ವಿಷಯ ಗೊತ್ತಿಲ್ಲದಿದ್ದರೆ ಆಳನ್ನು ಬೈದು ಪ್ರಯೋಜನವಿಲ್ಲ.

ಆರು ಭಾನುವಾರ ಸಾಕು

ಇದನ್ನು ಕಲಿಯಲು ಪಟ್ಟಣಕ್ಕೆ ಹೋಗಬೇಕಿಲ್ಲ. ಗ್ರಾಮ ಪಂಚಾಯತಿ ಗ್ರಂಥಾಲಯಗಳು ಈಗ 'ಅರಿವು ಕೇಂದ್ರ'ಗಳಾಗಿವೆ. ಆರು ಭಾನುವಾರ, ಒಂದೊಂದು ಗಂಟೆ ಅಲ್ಲಿ ಸೇರಿ. ಮೊದಲ ವಾರ ಮೂರು ಕಾಲಿನ ಪಾಠ, ಎರಡನೆಯ ವಾರ ಪಾಸ್‌ವರ್ಡ್, ಮೂರನೆಯ ವಾರ ಅಪ್‌ಡೇಟ್ ಮತ್ತು ನಕಲು ಪ್ರತಿ, ನಾಲ್ಕನೆಯ ವಾರ ಜಾಲ. ಐದನೆಯ ವಾರ ನಿಮ್ಮ ಮೊಬೈಲಿಗೆ ಬಂದ ಅನುಮಾನದ ಸಂದೇಶಗಳನ್ನು ಹತ್ತು ಮಂದಿ ಕೂಡಿ ಗಟ್ಟಿಯಾಗಿ ಓದಿ, ಮೋಸ ಎಲ್ಲಿದೆ ಎಂದು ಹುಡುಕಿ. ಆರನೆಯ ವಾರ ಸಂಘದ ಕಾರ್ಯದರ್ಶಿಯನ್ನು ಕರೆಸಿ ಮಾತಾಡಿ. ಪ್ರೌಢಶಾಲೆಯ ಮೇಷ್ಟ್ರು ಅಥವಾ ಪಿಯುಸಿಯಲ್ಲಿ ಕಂಪ್ಯೂಟರ್ ವಿಜ್ಞಾನ ಓದುವ ಊರಿನ ಹುಡುಗಿ ಪಾಠ ಹೇಳಬಹುದು. ಮುಂದೆ ಓದುವ ಆಸೆಯಿದ್ದ ಮಕ್ಕಳಿಗೆ ಐಐಟಿಗಳ ಎನ್‌ಪಿಟಿಇಎಲ್ ಪಾಠಗಳು ಉಚಿತವಾಗಿ ಸಿಗುತ್ತವೆ.

ಮುಂದಿನ ವಾರ್ಷಿಕ ಸಭೆಯಲ್ಲಿ ಚಹಾ ಕುಡಿದು ಕೈ ಎತ್ತಿ ಬರುವ ಬದಲು ಈ ಐದು ಪ್ರಶ್ನೆ ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ:

1. ಸಂಘದ ಕಂಪ್ಯೂಟರ್ ಬಳಸುವ ಪ್ರತಿಯೊಬ್ಬರಿಗೂ ಬೇರೆ ಬೇರೆ ಪಾಸ್‌ವರ್ಡ್ ಇದೆಯೇ?

2. ಕೆಲಸ ಬಿಟ್ಟುಹೋದ ನೌಕರರ ಪಾಸ್‌ವರ್ಡ್ ರದ್ದಾಗಿದೆಯೇ?

3. ಲೆಕ್ಕದ ನಕಲು ಪ್ರತಿ ಎಲ್ಲಿದೆ? ಅದರಿಂದ ಲೆಕ್ಕ ಮರಳಿ ತೆಗೆದು ನೋಡಿದ್ದು ಯಾವಾಗ?

4. ಕಂಪ್ಯೂಟರಿಗೆ ಕೊನೆಯ ಅಪ್‌ಡೇಟ್ ಹಾಕಿದ ದಿನ ಯಾವುದು?

5. ನಾಳೆ ಬೆಳಿಗ್ಗೆ ಯಂತ್ರ ತೆರೆಯದಿದ್ದರೆ ಯಾರಿಗೆ ಫೋನ್ ಮಾಡುತ್ತೀರಿ? ಆ ದಿನ ರೈತನಿಗೆ ಗೊಬ್ಬರ, ಸಾಲ ಹೇಗೆ ಕೊಡುತ್ತೀರಿ?

ಉತ್ತರ ಬಂದರೆ ಕಾರ್ಯದರ್ಶಿಯನ್ನು ಮೆಚ್ಚಿ. ಬಾರದಿದ್ದರೆ ಜಗಳಕ್ಕೆ ಇಳಿಯಬೇಡಿ. ಆರು ತಿಂಗಳ ಗಡುವು ಕೊಟ್ಟು, ಅವರಿಗೆ ತರಬೇತಿಯನ್ನೂ ಅದಕ್ಕೆ ಬೇಕಾದ ಹಣವನ್ನೂ ಮಂಜೂರು ಮಾಡಿ. ಸಾವಿರಾರು ರೂಪಾಯಿ ಕೊಟ್ಟು ಬೀರು ಕೊಂಡವರು ಬೀಗಕ್ಕೆ ಹಿಂದೆ ಮುಂದೆ ನೋಡಬಾರದು.